ಮಾನವ ಆರೋಗ್ಯ ಮತ್ತು ಸಾರ್ವಜನಿಕ ಆರೋಗ್ಯ: ಪದವಿ ಹಂತದಲ್ಲೇ ಎರಡನ್ನೂ ಓದಬಹುದೇ?

ಪ್ರಶ್ನೆ:
ವೈದ್ಯನಾಗುವ ಹಂಬಲ ನನಗಿಲ್ಲ. ಆದರೆ ದೇಹ ಹೇಗೆ ಕೆಲಸ ಮಾಡುತ್ತದೆ, ಒಂದೇ ರೋಗ ಕೆಲವರನ್ನು ಕಾಡಿ ಕೆಲವರನ್ನು ಬಿಡುವುದೇಕೆ ಎಂಬ ಕುತೂಹಲ ಮೊದಲಿನಿಂದಲೂ ಇದೆ. ಹಾಗಾಗಿ ಮಾನವ ಆರೋಗ್ಯ ಮತ್ತು ಸಾರ್ವಜನಿಕ ಆರೋಗ್ಯ ಎರಡನ್ನೂ ಕಲಿಸುವ ಪದವಿಗೆ ಸೇರಬೇಕೆಂದಿದ್ದೇನೆ. ಪಠ್ಯಕ್ರಮದಲ್ಲಿ ಶರೀರಕ್ರಿಯಾಶಾಸ್ತ್ರದ ಪಕ್ಕದಲ್ಲೇ ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ, ಆರೋಗ್ಯ ನೀತಿ ಇರುವುದನ್ನು ನೋಡಿದಾಗ, ಎಲ್ಲವನ್ನೂ ಮೇಲೆ ಮೇಲೆ ಓದಿ ಯಾವುದರಲ್ಲೂ ಪಳಗದೆ ಉಳಿಯುತ್ತೇನೆಯೇ ಎಂಬ ಅಳುಕು ಹುಟ್ಟಿದೆ. ಗಣಿತದಲ್ಲಿ ನಾನು ಸಾಧಾರಣ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಅಧ್ಯಾಪಕಿ):
ಕೆಲವರನ್ನು ಕಾಡಿ ಕೆಲವರನ್ನು ಬಿಡುವುದೇಕೆ ಎಂದು ಕೇಳಿದ್ದೀರಲ್ಲ, ಅದಕ್ಕೆ ಯಾವುದೇ ಒಂದು ವಿಷಯದೊಳಗೆ ಉತ್ತರ ಸಿಗುವುದಿಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿರುವುದನ್ನು ಕಂಡರು. ಸಾಯದೆ ಉಳಿದವರ ಬಗ್ಗೆಯೂ ಅವರು ಅಷ್ಟೇ ಆಸ್ಥೆಯಿಂದ ವಿಚಾರಿಸಿದರು ಎಂಬುದನ್ನು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ಪಂಪಿನ ಹತ್ತಿರವೇ ಇದ್ದ ಬಡವರ ಆಶ್ರಯಾಲಯದ 535 ಮಂದಿಯಲ್ಲಿ ಕಾಲರಾದಿಂದ ಸತ್ತವರು ಐವರು ಮಾತ್ರ, ಏಕೆಂದರೆ ಅಲ್ಲಿಗೆ ತನ್ನದೇ ಬಾವಿಯಿತ್ತು. ಇನ್ನು, ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲದಲ್ಲಿ ಸ್ನೋ ನೀರಿನ ಮೇಲೆ ಅನುಮಾನಪಟ್ಟದ್ದಾದರೂ ಏಕೆ? ಕಾಲರಾ ಮೊದಲು ಹಿಡಿಯುವುದು ಕರುಳನ್ನು. ಆದ್ದರಿಂದ ವಿಷವು ಉಸಿರಿನ ಮೂಲಕವಲ್ಲ, ಬಾಯಿಯ ಮೂಲಕವೇ ಒಳಹೋಗಿರಬೇಕು ಎಂದು ಅವರು ತರ್ಕಿಸಿದರು. ದೇಹದ ಅರಿವು ಎಲ್ಲಿ ಹುಡುಕಬೇಕೆಂದು ತೋರಿಸಿತು, ಜನರ ಲೆಕ್ಕ ಅದನ್ನು ಸಾಬೀತುಪಡಿಸಿತು. ನಿಮ್ಮ ಪಠ್ಯಕ್ರಮದಲ್ಲಿ ಆ ವಿಷಯಗಳು ಅಕ್ಕಪಕ್ಕ ಇರುವುದು ಈ ಕಾರಣಕ್ಕೆ.

ಉತ್ತರ 2 (ರೋಗ ಸಮೀಕ್ಷೆಯ ಕೆಲಸದಲ್ಲಿರುವವರು):
ಗಣಿತದ ಬಗ್ಗೆ ಹೇಳುತ್ತೇನೆ. ಆರಂಭಕ್ಕೆ ಬೇಕಾದದ್ದು ಅನುಪಾತ ಮತ್ತು ಶೇಕಡಾವಾರು, ಜೊತೆಗೆ "ಎಷ್ಟು ಜನರಲ್ಲಿ?" ಎಂದು ಕೇಳುವ ಅಭ್ಯಾಸ. ಹತ್ತು ಸಾವಿರ ಜನರಲ್ಲಿ ನೂರು ಮಂದಿಗೆ ಒಂದು ರೋಗವಿದೆ ಎಂದುಕೊಳ್ಳಿ. ಒಂದು ಪರೀಕ್ಷೆ ಆ ನೂರರಲ್ಲಿ 90 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ, ಆದರೆ ರೋಗವಿಲ್ಲದ 9,900 ಮಂದಿಯಲ್ಲಿ ಶೇಕಡಾ 5ರಷ್ಟು, ಅಂದರೆ 495 ಮಂದಿಗೂ ರೋಗವಿದೆ ಎಂದು ತಪ್ಪಾಗಿ ತೋರಿಸುತ್ತದೆ. ಒಟ್ಟು 585 ಮಂದಿಯ ಕೈಗೆ "ಪಾಸಿಟಿವ್" ಎಂಬ ವರದಿ ಬರುತ್ತದೆ. ಅವರಲ್ಲಿ ನಿಜವಾಗಿ ರೋಗವಿರುವುದು ಆರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ. ಇಲ್ಲಿ ಕೂಡುವುದು, ಭಾಗಿಸುವುದು ಬಿಟ್ಟು ಬೇರೇನೂ ಇಲ್ಲ. ಆದರೂ ಇದನ್ನು ಅರಿಯದೆ ತಪಾಸಣಾ ಶಿಬಿರ ನಡೆಸಿದರೆ ಸುಮಾರು ಐನೂರು ಮನೆಗಳಲ್ಲಿ ವಿನಾಕಾರಣ ನಿದ್ದೆಗೆಡಿಸಿದಂತಾಗುತ್ತದೆ. ದಯವಿಟ್ಟು ಸಂಖ್ಯಾಶಾಸ್ತ್ರವನ್ನು ಕೊನೆಯ ವರ್ಷಕ್ಕೆ ತಳ್ಳಬೇಡಿ.

ಉತ್ತರ 3 (ಅಂತಿಮ ವರ್ಷದ ವಿದ್ಯಾರ್ಥಿನಿ):
ಸೇರುವ ಮುನ್ನ, ಪಠ್ಯಕ್ರಮದಲ್ಲಿ ಕ್ಷೇತ್ರಕಾರ್ಯ ಎಷ್ಟಿದೆ ಎಂದು ನೋಡಿಕೊಳ್ಳಿ. ನನ್ನ ಮೊದಲ ಮನೆ ಸಮೀಕ್ಷೆಯಲ್ಲಿ "ಮಕ್ಕಳು ಆರೋಗ್ಯವಾಗಿದ್ದಾರೆಯೇ?" ಎಂದು ಕೇಳಿದ್ದೆ, ಎಲ್ಲ ತಾಯಂದಿರೂ ಹೌದೆಂದರು, ಇಡೀ ದಿನದ ಹಾಳೆಗಳು ಉಪಯೋಗಕ್ಕೆ ಬರಲಿಲ್ಲ. ಮರುವಾರ ಅದೇ ಮನೆಗಳಿಗೆ ಹೋಗಿ, "ಕಳೆದ ಎರಡು ವಾರಗಳಲ್ಲಿ ಮಗುವಿಗೆ ಒಂದೇ ದಿನ ಮೂರು ಅಥವಾ ಹೆಚ್ಚು ಬಾರಿ ನೀರಾಗಿ ಭೇದಿಯಾಗಿತ್ತೇ?" ಎಂದು ಕೇಳಿದೆ. ಒಬ್ಬ ತಾಯಿ ಬೆರಳು ಮಡಚಿ ದಿನಗಳನ್ನು ಎಣಿಸಿ, ಮಗುವಿಗೆ ಏನು ಕುಡಿಸಿದೆ ಎಂಬುದನ್ನೂ ವಿವರಿಸಿದರು. ಭೇದಿಯಲ್ಲಿ ದೇಹ ಕಳೆದುಕೊಳ್ಳುವ ನೀರು ಮತ್ತು ಲವಣಗಳ ಬಗ್ಗೆ ಆ ಹೊತ್ತಿಗೆ ಓದಿದ್ದರಿಂದ, ಮುಂದೆ ಏನು ಕೇಳಬೇಕೆಂಬುದು ನನಗೆ ತಿಳಿದಿತ್ತು.

ಈ ಪದವಿಯಿಂದ ಚಿಕಿತ್ಸೆ ನೀಡುವ ಅಧಿಕಾರ ಬರುವುದಿಲ್ಲ ಎಂಬುದನ್ನು ಮಾತ್ರ ಮನೆಯವರಿಗೆ ಮೊದಲೇ ತಿಳಿಸಿ.