ಸರ್ಕಾರ ಹೋಯಿತು, ನೆಲದ ಕೆಲಸ ನಿಲ್ಲಲಿಲ್ಲ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಚೆಡ್‌ವರ್ತ್‌ನಲ್ಲಿ, ಕಾಡಿನ ಪಕ್ಕ, 1864ರಲ್ಲಿ ರೋಮನ್ ಕಾಲದ ದೊಡ್ಡ ಬಂಗಲೆಯ ಅವಶೇಷ ಸಿಕ್ಕಿತು. ಮೊನ್ನೆ ನಮ್ಮ ಗುಂಪಿನಲ್ಲಿ ಅದರ ಮಾತು ಬಂತು, ಬಂದಿದ್ದೇ ತಡ ಜಗಳ ಶುರು.

“ರೋಮ್‌ನವರು 410ರ ಸುಮಾರಿಗೆ ಬ್ರಿಟನ್ ಕೈಬಿಟ್ಟರು. ಸೈನ್ಯ ಇಲ್ಲ, ಹೊಸ ನಾಣ್ಯ ಇಲ್ಲ. ಆಮೇಲೆ ಈ ಬಂಗಲೆಯ ಪುಣ್ಯಾತ್ಮ ಒಂದು ಕೋಣೆಗೆ ಬಣ್ಣದ ಕಲ್ಲಿನ ಚೂರು ಜೋಡಿಸಿ ಹೊಸ ನೆಲ ಹಾಕಿಸಿದ್ದಾನೆ!” ಅಂದ ಸೀನ.

“ನಿನಗ್ಯಾರು ಹೇಳಿದ್ದು?”

“ಇದ್ದಿಲು. ಆ ಕೋಣೆಯ ಗೋಡೆಯ ಪಾಯದಲ್ಲಿ ಸಿಕ್ಕ ಇದ್ದಿಲು, ಮೂಳೆ ಎಷ್ಟು ಹಳೇದು ಅಂತ ರೇಡಿಯೋಕಾರ್ಬನ್ ಪರೀಕ್ಷೆ ಮಾಡಿಸಿದರು. ಗೋಡೆ 424ಕ್ಕಿಂತ ಹಿಂದಿನದಲ್ಲ, ನೆಲ ಅದಕ್ಕೂ ಆಮೇಲಿನದು. ಆ ಜಾಗ ನೋಡಿಕೊಳ್ಳೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಯವರೇ 2020ರಲ್ಲಿ ತಿಳಿಸಿದರು.”

ವಿಮಲಾ ನಕ್ಕಳು. “ಸರ್ಕಾರ ಬಿತ್ತು ಅಂತ ಮನೆ ರಿಪೇರಿ ನಿಲ್ಲಿಸ್ತಾರೇನೋ? ತೆರಿಗೆ ಕಟ್ಟೋದು ತಪ್ಪಿತಲ್ಲ, ಆ ದುಡ್ಡಲ್ಲೇ ಮಾಡಿಸಿರ್ತಾರೆ.”

ನನಗೂ ಹಾಗೇ ಅನ್ನಿಸಿತು, ಆದರೆ ರಘು ಬಿಡಬೇಕಲ್ಲ. “ಮಾಡಿಸಿದ್ದು ಹೇಗಿದೆ ಕೇಳು. ಅದಕ್ಕೂ ಮುಂಚೆ ಅಲ್ಲೇ ಹಾಕಿದ್ದ ನೆಲಗಳಷ್ಟು ಚೆನ್ನಾಗಿಲ್ಲ, ವಿನ್ಯಾಸದಲ್ಲಿ ತಪ್ಪುಗಳಿವೆ. ಒಳ್ಳೆ ಮೇಸ್ತ್ರಿ ಸಿಕ್ಕಿಲ್ಲ ಪಾಪ.”

“ಅಡ್ವಾನ್ಸ್ ತಗೊಂಡು ಶಿಷ್ಯನ್ನ ಕಳಿಸಿರ್ತಾನೆ,” ಅಂದಳು ವಿಮಲಾ, ಅವಳ ಅಡುಗೆಮನೆ ಟೈಲ್ಸ್ ಇನ್ನೂ ಮುಗಿದಿಲ್ಲ.

ಹಳೇ ಕೆಲಸ ಮಾತ್ರ ಭರ್ಜರಿ. ಊಟದ ಕೋಣೆಯ ನೆಲದಲ್ಲಿ ಋತುಗಳನ್ನೇ ಮನುಷ್ಯರಂತೆ ಚಿತ್ರಿಸಿದ್ದಾರೆ. ಅದರಲ್ಲಿ ಚಳಿಗಾಲದವನು ತಲೆ ಮುಚ್ಚೋ ದಪ್ಪ ನಿಲುವಂಗಿ ಹಾಕಿಕೊಂಡು, ಒಂದು ಕೈಯಲ್ಲಿ ಸತ್ತ ಮೊಲ, ಇನ್ನೊಂದರಲ್ಲಿ ಒಣಕೊಂಬೆ ಹಿಡಿದು ನಿಂತಿದ್ದಾನೆ. ವಸಂತನಿಗೆ ಮೈಮೇಲೆ ಬಟ್ಟೆಯೇ ಇಲ್ಲ.

“ಇಂಗ್ಲೆಂಡಿನ ವಸಂತದಲ್ಲಾ? ಚಿತ್ರ ಬರೆದವನು ಒಲೆ ಪಕ್ಕ ಕೂತು ಬರೆದಿರ್ಬೇಕು!”

ಒಲೆಯೇನೋ ಇತ್ತು. ಹೊರಗೆ ಬೆಂಕಿ ಹಾಕಿದರೆ ಬಿಸಿಗಾಳಿ ಪುಟ್ಟ ಕಂಬಗಳ ಮೇಲೆ ನಿಂತ ನೆಲದ ಕೆಳಗೆ ಹರಿದು, ಗೋಡೆಯೊಳಗಿನ ಟೊಳ್ಳು ಇಟ್ಟಿಗೆಗಳಲ್ಲಿ ಮೇಲೇರುತ್ತಿತ್ತು. ಸ್ನಾನಕ್ಕೆ ಒಣಶಾಖ ಬೇರೆ, ಹಬೆ ಬೇರೆ. ಸೌದೆ ಒಡೆಯೋನ ಚಿತ್ರವನ್ನು ಮಾತ್ರ ಯಾರೂ ನೆಲದಲ್ಲಿ ಬರೆಸಲಿಲ್ಲ, ಬಿಡಿ.

“ಊಟಕ್ಕೇನಿತ್ತೋ?” ರಘುಗೆ ಅದೇ ಚಿಂತೆ.

“ಬಸವನಹುಳು. ರೋಮನ್ನರು ಸಾಕಿ ತಿಂತಿದ್ದ ಜಾತಿ ಇವತ್ತಿಗೂ ಅಲ್ಲೇ ಓಡಾಡ್ಕೊಂಡಿದೆ.”

“ಓಡಾಡ್ಕೊಂಡಾ?”

“ಸರಿ, ತೆವಳ್ಕೊಂಡು. ತಿನ್ನೋರು ಹೋದರು. 2008ರಿಂದ ಇಂಗ್ಲೆಂಡಿನಲ್ಲಿ ಅವನ್ನ ಹಿಡಿದರೆ ಕೇಸು ಬೇರೆ!”