ನಿವೇಶನ ಎರಡಾಗಬೇಕೇ? ಹಿತ್ತಲಿಗಿಂತ ಮೊದಲು ಇರುವ ಮನೆಯನ್ನು ಅಳೆಯಿರಿ

ಪ್ರಶ್ನೆ: ಸರ್, ನಮಸ್ಕಾರ. ತಂದೆಯವರಿಂದ ನನಗೂ ತಮ್ಮನಿಗೂ ಜಂಟಿಯಾಗಿ ಬಂದ ನಿವೇಶನವಿದೆ. ಅಗಲ 12 ಮೀಟರ್, ಉದ್ದ 30 ಮೀಟರ್. ರಸ್ತೆಯ ಕಡೆ ಹಳೆಯ ಮನೆ, ಹಿಂದೆ ಖಾಲಿ ಹಿತ್ತಲು, ಮನೆಯ ಮಗ್ಗುಲಲ್ಲಿ ಹಿತ್ತಲಿಗೆ ಹೋಗಲು 3 ಮೀಟರ್ ಜಾಗ. ಮನೆ ನನಗೆ, ಹಿತ್ತಲು ತಮ್ಮನಿಗೆ ಎಂದು ಮಾತಾಗಿದೆ. ನಗರಾಡಳಿತಕ್ಕೆ ವಿಭಜನೆಯ ಅರ್ಜಿ ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ: ಮೇಡಂ, ಹಿತ್ತಲಿನಲ್ಲಿ ಮನೆ ಹಿಡಿಯುತ್ತದೆಯೇ ಎಂದು ಎಲ್ಲರೂ ಅಳೆಯುತ್ತಾರೆ. ನಾನು ಕಂಡಂತೆ ಅರ್ಜಿ ಎಡವುವುದು ಹೆಚ್ಚಾಗಿ ಮುಂದಿನ ಮನೆಯಲ್ಲಿ.

ನಿಮ್ಮ ಮನೆಯ ತಳ 110 ಚದರ ಮೀಟರ್ ಎಂದುಕೊಳ್ಳೋಣ. ಇವತ್ತು ಅದು 360 ಚದರ ಮೀಟರಿನಲ್ಲಿ ನಿಂತಿದೆ, ಅಂದರೆ ಸುಮಾರು ಶೇ 31. ರಸ್ತೆಯಿಂದ 18 ಮೀಟರಿಗೆ ಗೆರೆ ಎಳೆದು ಮಗ್ಗುಲ ಪಟ್ಟಿಯನ್ನೂ ತಮ್ಮನಿಗೆ ಕೊಟ್ಟರೆ ನಿಮ್ಮ ಪಾಲು 162ಕ್ಕೆ ಇಳಿಯುತ್ತದೆ. ಒಂದು ಇಟ್ಟಿಗೆಯನ್ನೂ ಸೇರಿಸದೆ ನಿಮ್ಮ ಮನೆ ಶೇ 68ರಷ್ಟು ನೆಲ ಹಿಡಿದಂತಾಯಿತು. ಕಟ್ಟಡಕ್ಕೆ ಶೇ 60ರ ಮಿತಿ ಇರುವ ಊರಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯ ಕಡೆಗೆ ಅಡುಗೆಮನೆಯ ಕಿಟಕಿ ಇದೆಯೇ? ಇದ್ದರೆ ಆ ಗೋಡೆ ನೇರವಾಗಿ ಗಡಿಯ ಮೇಲೇ ಬಂದು ನಿಲ್ಲುತ್ತದೆ. ಬಿಡಬೇಕಾದ ಅಂತರವೂ ಹೋಯಿತು, ಕಿಟಕಿಗೆ ತಕರಾರೂ ಬಂತು.

ಪಟ್ಟಿಯನ್ನು ನೀವೇ ಉಳಿಸಿಕೊಂಡು ತಮ್ಮನಿಗೆ ಓಡಾಡುವ ದಾರಿ ಹಕ್ಕನ್ನು ನೋಂದಣಿ ಮಾಡಿಕೊಟ್ಟರೆ ನಿಮ್ಮ ಪಾಲು 216, ಕಟ್ಟಡ ಶೇ 51. ಆದರೆ ಪ್ರತಿ ನಿವೇಶನಕ್ಕೂ ಸ್ವಂತ ರಸ್ತೆಮುಖ ಇರಲೇಬೇಕು ಎನ್ನುವ ನಿಯಮವಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ. ಆಗ ಹಿಂದಿನ ಪಾಲು ಹಿಡಿಕೆಯುಳ್ಳ ಸೌಟಿನ ಆಕಾರದಲ್ಲೇ ಬರಬೇಕು, ಆ ಹಿಡಿಕೆಯ, ಅಂದರೆ ರಸ್ತೆಯವರೆಗಿನ ಪಟ್ಟಿಯ, ಕನಿಷ್ಠ ಅಗಲವನ್ನು ನಿಯಮವೇ ಹೇಳಿರುತ್ತದೆ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಕೈನಕ್ಷೆ ಹಿಡಿದು ಯೋಜನಾ ವಿಭಾಗದ ಅಧಿಕಾರಿಯನ್ನು ಕಾಣಿರಿ. ಕನಿಷ್ಠ ವಿಸ್ತೀರ್ಣ, ರಸ್ತೆಮುಖ, ಸುತ್ತ ಬಿಡಬೇಕಾದ ಜಾಗ, ಕಟ್ಟಡದ ಮಿತಿ: ಈ ನಾಲ್ಕನ್ನೂ ಕೇಳಿ ಬರೆದುಕೊಳ್ಳಿ.

ಆಮೇಲೆ ಪರವಾನಗಿ ಇರುವ ಭೂಮಾಪಕರಿಂದ ಅಳತೆ. ಪತ್ರದಲ್ಲಿನ ಚಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿ ವಿವರ) ನೆಲದ ಮೇಲಿನ ಗಡಿಕಲ್ಲಿಗೂ ಗೇಣುದ್ದ ವ್ಯತ್ಯಾಸ ಬಂದರೂ ಅದನ್ನು ಮೊದಲು ಸರಿಪಡಿಸಿಕೊಳ್ಳಿ.

ಮರುಪ್ರಶ್ನೆ: ತುಂಬಾ ಉಪಕಾರವಾಯಿತು ಸರ್. ಕಿಟಕಿ ಆ ಕಡೆಯೇ ಇದೆ! ಮನೆಯ ಮೇಲೆ ಸ್ವಲ್ಪ ಸಾಲವೂ ಬಾಕಿ ಇದೆ. ವಿಭಾಗ ಪತ್ರವನ್ನು ಈಗಲೇ ನೋಂದಾಯಿಸಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಒಪ್ಪಿಗೆಯ ನಕ್ಷೆ ಕೈಗೆ ಬಂದ ಮೇಲೆ ಅದರ ಅಳತೆಯಂತೆಯೇ ಪತ್ರ ಬರೆಸಿ. ಮೊದಲೇ ಪತ್ರವಾಗಿ ನಕ್ಷೆ ಬದಲಾದರೆ ತಿದ್ದುಪಡಿಗೆ ಅಕ್ಕ, ತಮ್ಮ ಇಬ್ಬರೂ ಮತ್ತೆ ಅಲೆಯಬೇಕು. ಸಾಲ ಕೊಟ್ಟವರಿಗೆ ಇಡೀ ನಿವೇಶನವೇ ಅಡಮಾನವಾಗಿರುವುದರಿಂದ ಅವರ ಲಿಖಿತ ಒಪ್ಪಿಗೆಯನ್ನು ಇಂದೇ ಕೇಳಿ, ಅದಕ್ಕೆ ಸಮಯ ಹಿಡಿಯುತ್ತದೆ.

ಇನ್ನೊಂದು ಮಾತು. ಹಳೆಯ ಮನೆಯ ಚರಂಡಿ ಕೊಳವೆ ಯಾವ ಕಡೆ ಹೋಗಿದೆ ಎಂದು ಮುಚ್ಚಳ ತೆಗೆದು, ನೀರು ಬಿಟ್ಟು ನೋಡಿ. ಅದು ಹಿತ್ತಲಿನ ಅಡಿಯಲ್ಲಿ ಹಾದಿದ್ದರೆ ನಿಮ್ಮ ತಮ್ಮ ಪಾಯ ತೋಡುವ ದಿನವೇ ಒಡೆಯುತ್ತದೆ. ಕೊಳವೆಯನ್ನು ಈಗಲೇ ಬದಲಿಸಿ, ಇಲ್ಲವೇ ನಕ್ಷೆಯಲ್ಲೇ ಅದರ ಜಾಗವನ್ನು ಗುರುತಿಸಿ ಕೊಳವೆಯ ಹಕ್ಕನ್ನೂ ಬರೆಸಿಕೊಳ್ಳಿ.