ಸಮಾಜ ವಿಜ್ಞಾನ ಕಲಿಸಲು ನೀವು ಏನು ಬಳಸುತ್ತೀರಿ? ಸೋತದ್ದೂ ಹೇಳಿ

ಹೊಸ ಶಿಕ್ಷಕಿ, ಹಾವೇರಿ ಜಿಲ್ಲೆ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದು ಎರಡು ತಿಂಗಳಾಯಿತು. ಎಂಟು, ಒಂಬತ್ತು, ಹತ್ತು, ಮೂರಕ್ಕೂ ಸಮಾಜ ವಿಜ್ಞಾನ ನಾನೇ. ಸಾಮಾನು ಅಂತ ಇರುವುದು ಅಂಚು ಹರಿದ ಒಂದು ಭಾರತದ ಭೂಪಟ, ಸ್ಟ್ಯಾಂಡ್ ಮುರಿದ ಒಂದು ಗ್ಲೋಬು. ಪ್ರೊಜೆಕ್ಟರ್ ಇದೆ, ಆದರೆ ನನ್ನ ಪಿರಿಯಡ್ ಬಂದಾಗಲೇ ಕರೆಂಟ್ ಹೋಗುತ್ತದೆ. ಇತಿಹಾಸ ಅಂದರೆ ಇಸವಿ, ಉಳಿದದ್ದೆಲ್ಲ ಗೈಡು ಅಂತ ಮಕ್ಕಳು ತೀರ್ಮಾನ ಮಾಡಿಬಿಟ್ಟಿದ್ದಾರೆ. ಚಾರ್ಟ್ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ಅದು ಬೇಡ. ನೀವು ತರಗತಿಯಲ್ಲಿ ಕೈಯಾರೆ ಬಳಸಿ ನೋಡಿದ್ದು ಏನು?

ಧಾರವಾಡದಿಂದ, ಇಪ್ಪತ್ತೆರಡು ವರ್ಷ ಸರ್ವಿಸ್:

ಅಕ್ಕೋರೇ, ನನ್ನ ಹತ್ತಿರ ಇರುವುದು ಒಂದೇ ಹಾಳೆ. ಉತಾರ. ಪುಸ್ತಕದ ಮಾತಿನಲ್ಲಿ ಪಹಣಿ, ಹೊಲ ಯಾರದು, ಏನು ಬೆಳೆ ಅಂತ ಹೇಳುವ ಸರ್ಕಾರಿ ದಾಖಲೆ.

ಅದರಲ್ಲಿ ಎಷ್ಟು ಪಾಠ ಕೂತಿವೆ ನೋಡಿ. ಸರ್ವೆ ನಂಬರಿನಿಂದ ಶುರು ಮಾಡುತ್ತೇನೆ. ಈ ನಂಬರ್ ಯಾರು ಕೊಟ್ಟರು, ಯಾಕೆ ಕೊಟ್ಟರು ಅಂತ ಕೇಳಿದರೆ ಬ್ರಿಟಿಷರ ಕಂದಾಯದ ಪಾಠ ತಾನಾಗಿ ಬರುತ್ತದೆ. ನಮ್ಮ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ಇಲ್ಲಿ ರೈತವಾರಿ, ಅಂದರೆ ರೈತನೇ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಟುವ ಪದ್ಧತಿ. ಬಂಗಾಳದ ಜಮೀನ್ದಾರಿಗೂ ಇದಕ್ಕೂ ಏನು ಫರಕು ಅಂತ ಬೋರ್ಡ್ ಮೇಲೆ ಬರೆಯುವ ಮೊದಲೇ ಹುಡುಗರು ಹೇಳುತ್ತಾರೆ. ಆಮೇಲೆ ಮಣ್ಣಿನ ಕಾಲಂ. ಎರಿ (ಕಪ್ಪು ಮಣ್ಣಿನ) ಹೊಲವೋ ಮಸಾರಿಯೋ (ಕೆಂಪು ಮಣ್ಣಿನದೋ) ಅಂತ ಕೇಳಿ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ಬೆಳೆಯ ಕಾಲಂಗೆ ಬಂದರೆ ಮುಂಗಾರಿ, ಹಿಂಗಾರಿ. ಎರಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ ಯಾಕೆ ಬರುತ್ತದೆ? ಮಣ್ಣು ಹಸಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ. ಕಪ್ಪು ಮಣ್ಣಿನ ಗುಣ ಅಂತ ಪುಸ್ತಕದಲ್ಲಿ ಇರುವ ಸಾಲು ಇದೇ ಅಲ್ವಾ?

ಕೊನೆಗೆ ಮಾಲಕರ ಹೆಸರು. ಇದರಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟಿವೆ, ಎಣಿಸಿ ಅನ್ನುತ್ತೇನೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಆಮೇಲೆ ಹೇಳಿದರೆ, ಆ ದಿನ ಹುಡುಗಿಯರ ಕಡೆಯಿಂದ ಗದ್ದಲ ಜಾಸ್ತಿ.

ಈಗ ಸೋತದ್ದು. ಮೊದಲ ವರ್ಷ ಎಲ್ಲರೂ ಮನೆಯಿಂದ ಉತಾರ ತನ್ನಿ ಅಂದೆ. ಒಬ್ಬ ಹುಡುಗನ ಹಾಳೆಯಲ್ಲಿ ಬ್ಯಾಂಕಿನ ಬೋಜಾ ಕೂತಿತ್ತು. ಪಕ್ಕದವನು ಇಣುಕಿ, "ಸರ, ಇವರ ಅಪ್ಪಂದು ಸಾಲ ಐತ್ರಿ" ಅಂತ ಗಟ್ಟಿಯಾಗಿ ಓದಿಬಿಟ್ಟ. ಈ ಹುಡುಗ ಏನೂ ಅನ್ನಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಮೂರು ದಿನ ಶಾಲೆಗೆ ಬರಲಿಲ್ಲ. ಅಂದಿನಿಂದ ನಮ್ಮ ಹೊಲದ ಉತಾರವನ್ನೇ ಝೆರಾಕ್ಸ್ ಮಾಡಿಸುತ್ತೇನೆ. ಬೋಜಾ ಮಾತ್ರ ಅಳಿಸುವುದಿಲ್ಲ. ಸಾಲ ನನ್ನದೇ, ಯಾರಿಗೂ ನಾಚಿಕೆ ಇಲ್ಲ.

ಹುಬ್ಬಳ್ಳಿಯಿಂದ, ಹೈಸ್ಕೂಲ್ ಟೀಚರ್:

ಗುರುಗಳ ಉತಾರ ಹಳ್ಳಿಗೆ ಸರಿ. ನಮ್ಮ ಶಾಲೆಯಲ್ಲಿ ಮುಕ್ಕಾಲು ಮಕ್ಕಳ ಮನೆಯಲ್ಲಿ ಹೊಲವೇ ಇಲ್ಲ. ನಾನು ಬಾವುಟದಿಂದ ಶುರು ಮಾಡುತ್ತೇನೆ. ಶಾಲೆಯ ಬೀರುವಿನಲ್ಲಿ ಇರುವ ಬಾವುಟವನ್ನೇ ಮೇಜಿನ ಮೇಲೆ ಹರವಿ, ಅಳತೆಪಟ್ಟಿ ಕೈಗೆ ಕೊಡಿ. ಉದ್ದ, ಎತ್ತರ 3:2 ಬರಬೇಕು. ನಮ್ಮದು ಬರಲಿಲ್ಲ! ಯಾಕೆ ಅಂತ ಹುಡುಕುತ್ತ ಹೋದಾಗ ಖಾದಿ, ಧ್ವಜ ಸಂಹಿತೆ ಎಲ್ಲ ಬಂತು. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ ಅಂತ ನಮ್ಮ ಮಕ್ಕಳಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ, ಮನೆ ಅಲ್ಲೇ ಹತ್ತಿರ. 2021ರ ಡಿಸೆಂಬರಿನಲ್ಲಿ ನಿಯಮ ಬದಲಾಗಿ ಪಾಲಿಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಇದರಿಂದ ನೂಲುವವರಿಗೆ ಏನಾಯಿತು, ಕೊಳ್ಳುವವರಿಗೆ ಏನಾಯಿತು ಅಂತ ಎರಡು ಗುಂಪು ಮಾಡಿ ಮಾತಾಡಿಸಿದೆ. ಅರ್ಥಶಾಸ್ತ್ರದ ಇಡೀ ವರ್ಷದಲ್ಲಿ ಅಷ್ಟು ಮಾತು ಕೇಳಿರಲಿಲ್ಲ.

ಇನ್ನೊಂದು, ನಮ್ಮ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್, 1,507 ಮೀಟರ್. ಜಗತ್ತಿನಲ್ಲೇ ಉದ್ದದ್ದು ಅಂತ ಮಕ್ಕಳು ಹೆಮ್ಮೆ ಪಡುತ್ತಾರೆ, ಪಡಲಿ. ನಾನು ಕೇಳುವುದು ಇಷ್ಟೇ: 1 ಸೆಂಟಿಮೀಟರಿಗೆ 100 ಮೀಟರ್ ಅಂತ ಇಟ್ಟುಕೊಂಡರೆ ಹಾಳೆಯ ಮೇಲೆ ಎಷ್ಟು ಉದ್ದ ಬರುತ್ತದೆ? ನಕಾಶೆಯ ಸ್ಕೇಲ್ ಅಂದರೇನು ಅಂತ ಮತ್ತೆ ಹೇಳಬೇಕಾಗಿಲ್ಲ.

ಧಾರವಾಡದಿಂದ, ಮೇಲಿನವರೇ:

ಟೀಚರ್ ಹೇಳಿದ್ದು ಸರಿ. ಊರು ಬಿಟ್ಟು ಉತಾರ ಹಿಡಿದು ಕೂತರೆ ಆಗದು.

ಭೂಗೋಳಕ್ಕೆ ಒಂದು ಬಿಟ್ಟಿದ್ದೆ. ನಮ್ಮೂರು ನೀರು ಒಡೆಯುವ ಜಾಗ. ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿ, ಗಂಗಾವಳಿ ಅನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣಾ ಹಿಡಿದು ಬಂಗಾಳ ಕೊಲ್ಲಿಗೆ. ಜುಲೈನಲ್ಲಿ ಮಳೆ ನಿಂತ ಕೂಡಲೇ ಮಕ್ಕಳನ್ನು ರಸ್ತೆಗೆ ಕರೆದುಕೊಂಡು ಹೋಗಿ, ಗಟಾರಿನ ನೀರು ಯಾವ ಕಡೆ ಹರಿಯುತ್ತಿದೆ, ಕೊನೆಗೆ ಎಲ್ಲಿ ಮುಟ್ಟುತ್ತದೆ ಅಂತ ಗೆರೆ ಎಳೆಸುತ್ತೇನೆ. ನಿಮ್ಮ ಕಡೆಯಾದರೆ ವರದಾ ಹಿಡಿಯಿರಿ. ಅದು ಗಳಗನಾಥದ ಹತ್ತಿರ ತುಂಗಭದ್ರೆಗೆ ಸೇರುವ ತನಕ ಒಂದು ಪಿರಿಯಡ್ ಸಾಕು.

ಸಮೋನ್ನತಿ ರೇಖೆಗೆ, ಅಂದರೆ ನಕಾಶೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ, ಬಟಾಟೆ. ಅರ್ಧ ಕತ್ತರಿಸಿ, ಬೋರಲು ಹಾಕಿ, ಅಡ್ಡಡ್ಡ ಬಿಲ್ಲೆ ಮಾಡಿ. ದೊಡ್ಡ ಬಿಲ್ಲೆಯಿಂದ ಸಣ್ಣದರ ತನಕ ಒಂದೇ ಹಾಳೆಯ ಮೇಲೆ, ಒಂದರೊಳಗೆ ಒಂದು ಬರುವಂತೆ ಇಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ಕಡಿದಾದ ಕಡೆ ಗೆರೆ ಹತ್ತಿರ ಬರುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ನಿಜವಾದ ನಕಾಶೆ ಕೊಡಿ. ಸರ್ವೆ ಆಫ್ ಇಂಡಿಯಾದ ವೆಬ್‌ಸೈಟಿನಲ್ಲಿ ಸ್ಥಳಾಕೃತಿ ನಕಾಶೆಗಳು ಪುಕ್ಕಟೆ ಸಿಗುತ್ತವೆ.

ಗದಗದಿಂದ:

ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಪ್ರವಾಸದ ಬಗ್ಗೆ ಒಂದು ಮಾತು. ಲಕ್ಕುಂಡಿಗೆ ನಾಲ್ಕು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಮೊದಲ ಎರಡು ಸಲ ದಂಡ. ಎಲ್ಲ ಗುಡಿ ತೋರಿಸಲು ಹೋಗಿ ಮಕ್ಕಳಿಗೆ ನೆನಪಿದ್ದದ್ದು ದಾರಿಯ ಗಿರ್ಮಿಟ್ ಮಾತ್ರ. ಮೂರನೇ ಸಲ ಬ್ರಹ್ಮ ಜಿನಾಲಯ ಎಂಬ ಜೈನ ಬಸದಿ ಒಂದೇ. ಅತ್ತಿಮಬ್ಬೆ ಕಟ್ಟಿಸಿದ್ದು, 1007ರದು. ಪ್ರತಿಯೊಬ್ಬರೂ ಒಂದು ಕಂಬ ಆರಿಸಿಕೊಂಡು ಅದರ ಮುಂದೆ ಅರ್ಧ ತಾಸು ಕೂತು ಬರೆಯಬೇಕು. ಕಲ್ಲನ್ನು ತಿರುಗಣೆಗೆ ಹಾಕಿದಂತೆ ಹೇಗೆ ದುಂಡು ಮಾಡಿದರು ಅಂತ ಒಬ್ಬ ಬಡಿಗೇರ ಮನೆಯ ಹುಡುಗ ನನಗೇ ಪಾಠ ಹೇಳಿದ.

ಸಹಕಾರದ ಪಾಠಕ್ಕೆ ನಮ್ಮ ಗದಗ ಹತ್ತಿರದ ಕಣಗಿನಹಾಳ ಬಿಡಬೇಡಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಶುರು ಮಾಡಿದರು. ದೂರವಾದರೆ ನಿಮ್ಮೂರಿನ ಸೊಸೈಟಿ ಸೆಕ್ರೆಟರಿಯನ್ನು ಶಾಲೆಗೆ ಕರೆಯಿರಿ. ಷೇರು ಅಂದರೇನು, ಸಭೆಯಲ್ಲಿ ಯಾರು ಕೈ ಎತ್ತುತ್ತಾರೆ ಅಂತ ಅವರು ಹೇಳಿದಷ್ಟು ನಾವು ಹೇಳಲಾರೆವು.

ಹಾವೇರಿಯಿಂದ, ನಿವೃತ್ತ ಮಾಸ್ತರು:

ತಂಗಿ, ಮೊದಲು ಹತ್ತನೆಯವರ ನಕಾಶೆ ನೋಡಿಕೊಳ್ಳಿ. ಪರೀಕ್ಷೆಯಲ್ಲಿ ಭಾರತದ ಭೂಪಟ ಬಿಡಿಸಿ ಗುರುತಿಸುವ ಪ್ರಶ್ನೆ ಇರುತ್ತದೆ, ದಡ್ಡ ಅನಿಸಿಕೊಂಡವನಿಗೂ ಅಂಕ ಕೊಡುವಂಥದ್ದು. ಹಳೆಯ ಎಕ್ಸ್‌ರೇ ಹಾಳೆ ತಂದು, ಪಠ್ಯಪುಸ್ತಕದ ಭೂಪಟದ ಮೇಲಿಟ್ಟು, ಮೊಳೆಯಿಂದ ಗೀರಿ, ಅಂಚಿಗೆ ಕತ್ತರಿ ಹಾಕಿ. ಐದಾರು ಅಚ್ಚು ಮಾಡಿದರೆ ಇಡೀ ತರಗತಿಗೆ ಸಾಕು. ಒಂದು ವಾರ ದಿನಾ ಐದು ನಿಮಿಷ ಅಚ್ಚು ಇಟ್ಟು ಬರೆಸಿ, ಎಂಟನೇ ದಿನ ಅಚ್ಚು ಕಸಿದುಕೊಳ್ಳಿ. ಕೈಗೇ ರೂಢಿಯಾಗಿರುತ್ತದೆ.

ಇತಿಹಾಸಕ್ಕೆ ದೂರ ಹೋಗಬೇಡಿ. ದಂಡಿ ಯಾತ್ರೆಯ ಪಾಠ ಬಂದಾಗ ನಾನು ಮೋಟೆಬೆನ್ನೂರಿನಿಂದ ಶುರು ಮಾಡುತ್ತಿದ್ದೆ. ಮೈಲಾರ ಮಹಾದೇವಪ್ಪ ಅಲ್ಲಿಯ ಹುಡುಗ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಾತಿಗಳ ಜೊತೆ ಪೊಲೀಸರ ಗುಂಡಿಗೆ ಬಲಿಯಾದ. ಮೋಟೆಬೆನ್ನೂರಿನಿಂದ ಹೊಸರಿತ್ತಿಗೆ ಬಸ್ಸು ಹೇಗೆ ಹೋಗುತ್ತದೆ ಅಂತ ಮಕ್ಕಳಿಂದಲೇ ಹೇಳಿಸಿ. ಉಳಿದದ್ದು ತಾನೇ ಬರುತ್ತದೆ.

ಥರ್ಮೋಕೋಲಿನ ಸಂಸತ್ ಭವನ ಮಾತ್ರ ಮಾಡಿಸಬೇಡಿ. ಅದನ್ನು ಮಾಡುವವರು ಅಪ್ಪಂದಿರು, ಅಂಕ ಮಕ್ಕಳಿಗೆ.

ಹೊಸ ಶಿಕ್ಷಕಿ, ಹತ್ತು ದಿನದ ನಂತರ:

ಎಲ್ಲರಿಗೂ ಧನ್ಯವಾದ. ಎಕ್ಸ್‌ರೇ ಅಚ್ಚು ನಾಲ್ಕು ಆದವು, ಐದನೆಯದು ಗುಜರಾತಿನ ಹತ್ತಿರ ಹರಿಯಿತು. ನಮಗೆ ಹೊಲ ಇಲ್ಲ, ಹಾಗಾಗಿ ನಮ್ಮ ಹಿಂದಿ ಸರ್ ಅವರ ಉತಾರ ಇಸಿದುಕೊಂಡು ಒಂಬತ್ತನೆಯವರಿಗೆ ಪಾಠ ಮಾಡಿದೆ. ಮಾಲಕರ ಹೆಸರಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಸರ್ ನನ್ನ ಜೊತೆ ಸ್ವಲ್ಪ ಕಡಿಮೆ ಮಾತಾಡುತ್ತಾರೆ.

ಪಾಠ ಮುಗಿದ ಮೇಲೆ ಒಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. "ಟೀಚರ್, ನಮ್ಮ ಮನ್ಯಾಗ ಉತಾರ ಇಲ್ರಿ. ಇದು ಐತ್ರಿ" ಅಂತ ಕ್ಯಾರಿಬ್ಯಾಗಿನಿಂದ ಅವ್ವನ ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ತೆಗೆದಳು. ಒಳಗೆ ಕೆಲಸದ ದಿನ, ಕೂಲಿ ಎಲ್ಲ ಬರೆದಿದೆ. ಅವಳನ್ನು ಎಲ್ಲರ ಮುಂದೆ ನಿಲ್ಲಿಸದೆ ಇದನ್ನು ಪಾಠಕ್ಕೆ ತರುವುದು ಹೇಗೆ?

ಧಾರವಾಡದಿಂದ:

ಮೊದಲು ಅವಳನ್ನೇ ಕೇಳಿ. ಪಂಚಾಯ್ತಿಗೆ ಹೋಗಿ ಪಿಡಿಒ ಹತ್ತಿರ ಖಾಲಿ ಕಾರ್ಡ್ ಸಿಗುತ್ತದೋ ನೋಡಿ, ಸಿಗದಿದ್ದರೆ ಬೋರ್ಡ್ ಮೇಲೆ ಕಾಲಂ ಬರೆದುಕೊಂಡರೂ ಆದೀತು. ದಿನ, ಕೂಲಿ ನೀವೇ ತುಂಬಿ, ಹೆಸರು ಬೇಡ. ಲೆಕ್ಕ ಬಿಡಿಸುವಾಗ ಅವಳೇ ಮೊದಲು ಕೈ ಎತ್ತಿದರೆ ಎತ್ತಲಿ. ಏನಾಯಿತು ಅಂತ ಬರೆಯಿರಿ, ನನಗೂ ಬೇಕು. ಇಷ್ಟು ವರ್ಷ ನಾನು ಬರೀ ಹೊಲ ಇದ್ದವರ ಹಾಳೆ ಓದಿಸಿದ್ದೇನೆ.